ಬೋಳುಬೆಟ್ಟದ ಪಿಕಳಾರ



ಕಳೆದ ತಿಂಗಳು ಒಂದು ಸಂಜೆ ಮುಳಬಾಗಿಲಿನಿಂದ ದೂರವಾಣಿ ಕರೆ ಬಂದಿತು. ಕರೆ ಮಾಡಿದವನು ನನ್ನ ಹಳೆಯ ಶಿಷ್ಯ. ಈಗ ಅವನಿಗೂ ಐವತ್ತರ ಹತ್ತಿರ ವಯಸ್ಸು. ಊರಿನಲ್ಲಿ ನಾಲ್ಕು ಜನ ಮಾತು ಕೇಳುವಂತೆ ಬೆಳೆದಿದ್ದಾನೆ. "ಸಾರ್, ಈ ಸಲ ವನಮಹೋತ್ಸವಕ್ಕೆ ನಮ್ಮ ಬ್ಯಾಚಿನವರೆಲ್ಲ ಸೇರಿ ಸ್ಕೂಲಿನ ಹಿಂದಿನ ಬೆಟ್ಟಕ್ಕೆ ಸಾವಿರ ಗಿಡ ಹಾಕಿಸ್ತಾ ಇದ್ದೀವಿ. ಮೊದಲನೇ ಗಿಡ ನಿಮ್ಮ ಕೈಯಿಂದಲೇ ಆಗಬೇಕು. ನಮಗೆ ಗಿಡ ನೆಡೋದು ಕಲಿಸಿದವರೇ ನೀವಲ್ಲವಾ" ಎಂದ. ಯಾವ ಉಪಾಧ್ಯಾಯನಿಗೆ ತಾನೆ ಇಂತಹ ಮಾತು ಸಂತೋಷ ತರುವುದಿಲ್ಲ? ಆದರೆ ನನ್ನ ಬಾಯಿಂದ ಬಂದ ಉತ್ತರ ಬೇರೆಯಾಗಿತ್ತು. "ಬೆಟ್ಟದ ಮೇಲೆ ಗಿಡ ಬೇಡ ಕಣಪ್ಪ" ಎಂದೆ. ಅತ್ತ ಕಡೆ ಕೆಲವು ಕ್ಷಣ ಮೌನ. "ಆಯ್ತು ಸಾರ್, ಆಮೇಲೆ ಮಾತಾಡ್ತೀನಿ" ಎಂದು ಫೋನ್ ಇಟ್ಟುಬಿಟ್ಟ. ಅವನ ಮನಸ್ಸಿಗೆ ನೋವಾಗಿತ್ತೆಂಬುದು ಸ್ಪಷ್ಟವಾಗಿತ್ತು. ಎರಡು ದಿನಗಳಲ್ಲಿ "ಮೇಷ್ಟ್ರಿಗೆ ವಯಸ್ಸಾಯಿತು, ಗಿಡ ನೆಡಿಸಿದವರೇ ಈಗ ಗಿಡ ಬೇಡ ಅಂತಾರೆ" ಎಂಬ ಮಾತೂ ನನ್ನ ಕಿವಿಗೆ ಬಿದ್ದಿತು.

ಆ ಮಾತಿಗೆ ಉತ್ತರವಾಗಿ ಈ ಲೇಖನ. ಉತ್ತರ ಎನ್ನುವುದಕ್ಕಿಂತ, ಒಂದು ತಪ್ಪೊಪ್ಪಿಗೆ ಎಂದರೂ ಸರಿಯೇ.

1987ರ ಜುಲೈ ತಿಂಗಳು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಮುಳಬಾಗಿಲು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಶಾಲೆಯ ಹಿಂದೆ ನಮ್ಮ ಜಿಲ್ಲೆಯ ಎಲ್ಲ ಬೆಟ್ಟಗಳಂತೆಯೇ ಒಂದು ಬೆಟ್ಟ: ಒಂದರ ಮೇಲೊಂದು ಪೇರಿಸಿಟ್ಟಂತಹ ಗುಂಡುಗಲ್ಲುಗಳು, ಅವುಗಳ ಸಂದಿಯಲ್ಲಿ ಕಾರೆ, ಕವಳೆ, ಬಂದರಿಕೆ, ತಂಗಡಿಯ ಪೊದೆಗಳು, ಬಂಡೆಯನ್ನು ಬೇರಿನಿಂದ ತಬ್ಬಿಕೊಂಡ ಒಂದೆರಡು ಕಲ್ಲತ್ತಿ ಮರಗಳು. ತರಗತಿಯ ಕಿಟಕಿಯಿಂದ ಅದನ್ನು ತೋರಿಸಿ "ನೋಡಿ ಮಕ್ಕಳೇ, ಬೋಳುಬೆಟ್ಟ. ಕಾಡು ಕಡಿದರೆ ಭೂಮಿಗೆ ಈ ಗತಿ ಬರುತ್ತದೆ" ಎಂದು ಪಾಠ ಹೇಳುತ್ತಿದ್ದವನು ನಾನೇ. ಹಾಗೆಂದು ಯಾವ ಪುಸ್ತಕದಲ್ಲಿ ಓದಿದ್ದೆನೋ ನೆನಪಿಲ್ಲ. ಹಸಿರಿಲ್ಲದ್ದು ಬರಡು, ಬರಡಾದದ್ದನ್ನು ಹಸಿರು ಮಾಡಬೇಕು. ಇಷ್ಟೇ ನನ್ನ ಜೀವಶಾಸ್ತ್ರವಾಗಿತ್ತು.

ಕೆ.ಎಂ. ಮುನ್ಷಿಯವರು 1950ರಲ್ಲಿ ಆರಂಭಿಸಿದ ವನಮಹೋತ್ಸವ ನಮ್ಮ ಶಾಲೆಗಳಲ್ಲಿ ದೊಡ್ಡ ಹಬ್ಬ. ಆ ವರ್ಷ ನರ್ಸರಿಯಿಂದ ಲಾರಿಯಲ್ಲಿ ನೀಲಗಿರಿ, ಅಕೇಶಿಯಾ ಸಸಿಗಳು ಬಂದಿದ್ದವು. ಆಷಾಢದ ಗಾಳಿಯಲ್ಲಿ ಮಕ್ಕಳು ಹಾಡಿಕೊಂಡು ಬೆಟ್ಟ ಹತ್ತಿದರು. ಗುಂಡಿ ತೋಡಲು ಜಾಗ ಬೇಕಲ್ಲವೇ? ಪೊದೆಗಳನ್ನು ಕಡಿಯಲು ನಾನೇ ಹೇಳಿದೆ. ಹುಡುಗರು ಮನೆಯಿಂದ ಮಚ್ಚು, ಕುಡುಗೋಲು ತಂದಿದ್ದರು.

ಒಬ್ಬ ಹುಡುಗ ಮಾತ್ರ ಮಚ್ಚು ಕೆಳಗಿಟ್ಟು ಒಂದು ಕಾರೆ ಪೊದೆಯ ಮುಂದೆ ನಿಂತಿದ್ದ. ಕುರಿ ಕಾಯುವ ಮನೆಯವನು. ಬೆಳಿಗ್ಗೆ ಕುರಿಗಳನ್ನು ಬೆಟ್ಟಕ್ಕೆ ಅಟ್ಟಿ ಬಂದು ಶಾಲೆಗೆ ತಡವಾಗಿ ಸೇರುತ್ತಿದ್ದ. ಅದಕ್ಕಾಗಿ ನನ್ನಿಂದ ಬೈಸಿಕೊಳ್ಳುತ್ತಲೂ ಇದ್ದ. ನಮ್ಮ ಗಡಿಭಾಗದ ಅನೇಕ ಮಕ್ಕಳಂತೆ ಅವನ ಮನೆಮಾತು ತೆಲುಗು. "ಸಾರ್, ಇಂದ್ಲೋ ಕೊಂಡ ಪಿಗಿಲಿ ಉಂದಿ ಸಾರ್" ಎಂದ. ಇದರಲ್ಲಿ ಬೆಟ್ಟದ ಪಿಗಿಲಿ ಹಕ್ಕಿ ಇದೆ, ಎಂದು. ಪಿಗಿಲಿ ಎಂದರೆ ಪಿಕಳಾರ. ಪಿಕಳಾರಗಳು ಶಾಲೆಯ ಅಂಗಳದ ದಾಸವಾಳದ ಗಿಡದಲ್ಲೇ ಗೂಡು ಕಟ್ಟುತ್ತಿದ್ದವು. "ಪಿಕಳಾರ ಊರೆಲ್ಲ ಇದೆ ಕಣೋ. ಇಲ್ಲಿಂದ ಹೋಗಿ ಅಲ್ಲಿ ಕೂರುತ್ತದೆ. ಕಡಿ" ಎಂದೆ. "ಇದಿ ವೇರೆ ಸಾರ್" ಎಂದ ಅವನು. ಇದು ಬೇರೆ, ಎಂದು. ಉಳಿದ ಹುಡುಗರು ನಕ್ಕರು. ನಾನೂ ನಕ್ಕೆನೆಂದು ತೋರುತ್ತದೆ. ಅವನು ತಲೆ ತಗ್ಗಿಸಿ ಪೊದೆಯನ್ನು ಕಡಿದ.

ಈ ಘಟನೆಯನ್ನು ನಾನು ಮರೆತೇಬಿಟ್ಟಿದ್ದೆ. ಅದು ನೆನಪಿಗೆ ಬಂದದ್ದು ಇಪ್ಪತ್ತೊಂದು ವರ್ಷಗಳ ನಂತರ, 2008ರಲ್ಲಿ. ಅಷ್ಟರಲ್ಲಿ ಶ್ರೀನಿವಾಸಪುರ, ಮಾಲೂರು ಎಲ್ಲ ಸುತ್ತಿ ಕೋಲಾರಕ್ಕೆ ವರ್ಗವಾಗಿ ಬಂದಿದ್ದೆ. ಒಂದು ಭಾನುವಾರ ವಿಜ್ಞಾನ ಸಂಘದ ಮಕ್ಕಳನ್ನು ಅಂತರಗಂಗೆ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ಬಸವನ ಬಾಯಿಂದ ನೀರು ಬೀಳುವ ಕಾಶಿ ವಿಶ್ವೇಶ್ವರನ ಗುಡಿ ದಾಟಿ, ಗುಹೆಗಳ ದಾರಿಯಲ್ಲಿ ಮೇಲೇರುವಾಗ ಬೆಂಗಳೂರಿನಿಂದ ಬಂದಿದ್ದ ನಾಲ್ಕೈದು ಮಂದಿ ಯುವಕ ಯುವತಿಯರು ಬಂಡೆಗೊರಗಿ ಮಾತಿಲ್ಲದೆ ಕುಳಿತಿದ್ದರು. ನಮ್ಮ ಮಕ್ಕಳ ಗದ್ದಲ ಕೇಳಿ ಅವರಲ್ಲೊಬ್ಬ ಹುಡುಗಿ ತುಟಿಯ ಮೇಲೆ ಬೆರಳಿಟ್ಟು, ನಂತರ ತನ್ನ ದುರ್ಬೀನನ್ನು ನನ್ನ ಕೈಗೆ ಕೊಟ್ಟು, ಎದುರಿನ ಕಲ್ಲತ್ತಿಯತ್ತ ತೋರಿಸಿದಳು.

ಮೊದಲು ಎಲೆಗಳಷ್ಟೇ ಕಂಡವು. ನಂತರ ಎಲೆಯೊಂದು ಅಲುಗಿತು. ಗಾತ್ರದಲ್ಲಿ ನಮ್ಮ ಮನೆಯಂಗಳದ ಪಿಕಳಾರದಷ್ಟೇ ಇತ್ತು. ಆದರೆ ಕರಿಯ ತಲೆಯಿಲ್ಲ, ಜುಟ್ಟಿಲ್ಲ, ಬಾಲದ ಬುಡದಲ್ಲಿ ಕೆಂಪಿಲ್ಲ. ಮೈಯೆಲ್ಲ ಮಾಸಲು ಹಸಿರು ಬೆರೆತ ಬೂದು. ತಲೆ ಮತ್ತು ಕೊರಳು ಮಾತ್ರ ಅರಿಶಿನ ಬಳಿದಂತೆ ಹಳದಿ. ಬಾಲದ ಕೆಳಗೂ ಅದೇ ಹಳದಿ. ಅದು ಒಂದು ಹಣ್ಣನ್ನು ಕಿತ್ತು, ಎರಡು ಸ್ವರ ನುಡಿದು, ಬಂಡೆಯ ಹಿಂದಕ್ಕೆ ಇಳಿದು ಮಾಯವಾಯಿತು. "ಹಳದಿ ಗಂಟಲಿನ ಪಿಕಳಾರ ಸರ್. ದಕ್ಷಿಣ ಭಾರತದ ಇಂಥ ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ" ಎಂದಳು ಆ ಹುಡುಗಿ. "ಇದು ಬೇರೆ" ಎಂಬ ಹಳೆಯ ಮಾತು ಆ ಕ್ಷಣದಲ್ಲಿ ನನ್ನ ಕಿವಿಯಲ್ಲಿ ಮೊಳಗಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಜೀವಶಾಸ್ತ್ರ ಕಲಿಸಿದ್ದ ನಾನು, ನನ್ನ ಜಿಲ್ಲೆಯ ಬೆಟ್ಟದಲ್ಲಿಯೇ ಇರುವ ಈ ಜೀವಿಯ ಹೆಸರನ್ನು ಅಂದು ಮೊದಲ ಬಾರಿಗೆ ಕೇಳಿದ್ದೆ.

ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಮದರಾಸು ಸೇನೆಯಲ್ಲಿ ವೈದ್ಯನಾಗಿದ್ದ ಟಿ.ಸಿ. ಜೆರ್ಡನ್ ಎಂಬ ಆಂಗ್ಲ ಪಕ್ಷಿಶಾಸ್ತ್ರಜ್ಞ ಈ ಹಕ್ಕಿಯನ್ನು 1845ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ. 1860ರ ದಶಕದಲ್ಲಿ ಬಂದ ಅವನ ಭಾರತೀಯ ಪಕ್ಷಿಗಳ ಗ್ರಂಥದಲ್ಲಿ ಹಕ್ಕಿಗಳ ದೇಶೀ ಹೆಸರುಗಳನ್ನೂ ಕೊಟ್ಟಿದ್ದಾನೆ. ಈ ಹಕ್ಕಿಯ ತೆಲುಗು ಹೆಸರನ್ನು ಅವನು ದಾಖಲಿಸಿರುವುದು "ಕೊಂಡ ಪೊದ ಪಿಗಿಲಿ" ಎಂದು. ಕೊಂಡ ಎಂದರೆ ಬೆಟ್ಟ, ಪೊದ ಎಂದರೆ ಪೊದೆ. ಆ ಪುಟವನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಹಕ್ಕಿಯ ಹೆಸರಿನಲ್ಲಿಯೇ ಅದರ ವಿಳಾಸವಿತ್ತು. ಅದಕ್ಕೆ ಬೆಟ್ಟವೂ ಬೇಕು, ಪೊದೆಯೂ ಬೇಕು. ಎರಡರಲ್ಲಿ ಒಂದನ್ನು ತೆಗೆದರೂ ಅದಕ್ಕೆ ಮನೆಯಿಲ್ಲ. ಕುರಿ ಕಾಯುವ ಹುಡುಗನಿಗೆ ಇದು ಗೊತ್ತಿತ್ತು.

1987ರಲ್ಲಿ ಆ ಪೊದೆಯಲ್ಲಿದ್ದದ್ದು ಇದೇ ಹಕ್ಕಿಯೆಂದು ನಾನು ಇಂದು ಸಾಧಿಸಲಾರೆ. ನಾನು ಬಗ್ಗಿ ನೋಡಲೇ ಇಲ್ಲವಲ್ಲ.

ಈಗ ಉಪಾಧ್ಯಾಯನ ಚಟದಂತೆ ಸ್ವಲ್ಪ ಪಾಠ. ಬೇಸರಿಸಬೇಡಿ.

ಪುಸ್ತಕದಲ್ಲಿ ದ್ವೀಪ ಎಂದರೆ ನಾಲ್ಕೂ ಕಡೆ ನೀರಿರುವ ಭೂಭಾಗ ಎಂದು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ. ಆದರೆ ಒಂದು ಜೀವಿಗೆ ತಾನು ಬದುಕಲಾಗದ ಜಾಗವೆಲ್ಲವೂ ಸಮುದ್ರವೇ. ಅಂತರಗಂಗೆಯ ಮೇಲೆ ನಿಂತು ನೋಡಿ. ಕೆಳಗೆ ರಾಗಿ ಹೊಲ, ಟೊಮೇಟೊ ತೋಟ, ಶ್ರೀನಿವಾಸಪುರದ ಕಡೆ ಮಾವು, ಮಾಲೂರಿನ ಕಡೆ ನೀಲಗಿರಿ ಮತ್ತು ಇಟ್ಟಿಗೆ ಗೂಡುಗಳು. ನಡುವೆ ಅಲ್ಲಲ್ಲಿ ತಲೆಯೆತ್ತಿದ ಕಲ್ಲುಬೆಟ್ಟಗಳು: ಇತ್ತ ಶತಶೃಂಗದ ಸಾಲು, ಅತ್ತ ಆವನಿ, ಆಚೆ ಆಂಧ್ರದ ಹಾರ್ಸ್‌ಲಿ ಬೆಟ್ಟ, ಪಶ್ಚಿಮಕ್ಕೆ ನಂದಿ. ಈ ಪಿಕಳಾರಕ್ಕೆ ಅವೇ ದ್ವೀಪಗಳು. ಸಾಮಾನ್ಯ ಪಿಕಳಾರ ಊರು, ತೋಟ, ಬಸ್ ನಿಲ್ದಾಣದ ಮರ ಎಲ್ಲೆಂದರಲ್ಲಿ ಸಂಸಾರ ಹೂಡುತ್ತದೆ. ಹಳದಿ ಗಂಟಲಿನದು ಹಾಗಲ್ಲ. ಬಂಡೆ ಮತ್ತು ಕುರುಚಲು ಪೊದೆ ಕೂಡಿರುವ ಇಳಿಜಾರು ಬಿಟ್ಟು ಅದು ನೆಲೆ ಮಾಡದು. ನಂದಿ, ಸಾವನದುರ್ಗ, ರಾಮನಗರದ ಬೆಟ್ಟಗಳು, ಹಂಪಿಯ ಸುತ್ತಲ ಬಂಡೆಗಳು, ತಮಿಳುನಾಡಿನ ಸೆಂಜಿ, ಎಲ್ಲಿ ನೋಡಿದರೂ ಅದರ ವಾಸ ಇಂತಹದೇ ಜಾಗ.

1967ರಲ್ಲಿ ಮೆಕಾರ್ಥರ್ ಮತ್ತು ವಿಲ್ಸನ್ ಎಂಬ ಇಬ್ಬರು ವಿಜ್ಞಾನಿಗಳು ದ್ವೀಪಗಳ ಜೀವಿಗಳನ್ನು ಕುರಿತು ಒಂದು ಸಿದ್ಧಾಂತ ಮಂಡಿಸಿದರು. ದ್ವೀಪ ಚಿಕ್ಕದಾದಷ್ಟೂ, ಇತರ ನೆಲದಿಂದ ದೂರವಾದಷ್ಟೂ ಅಲ್ಲಿ ಉಳಿಯುವ ಜೀವಿಗಳ ಬಗೆ ಕಡಿಮೆಯಾಗುತ್ತದೆ ಎಂಬುದು ಅದರ ಸಾರ. ಚಿಕ್ಕ ಬೆಟ್ಟದಲ್ಲಿ ನಾಲ್ಕಾರು ಜೋಡಿಗಳಿದ್ದು, ಒಂದು ಬೇಸಿಗೆ ಬೆಂಕಿ ಬಿದ್ದರೆ ಅಲ್ಲಿಗೆ ಅವುಗಳ ಕತೆ ಮುಗಿಯಬಹುದು. ಪಕ್ಕದ ಬೆಟ್ಟ ಹತ್ತಿರದಲ್ಲಿದ್ದರೆ ಅಲ್ಲಿಂದ ಮತ್ತೆ ಬಂದು ಸೇರುವ ಆಸೆಯುಂಟು. ಪಕ್ಕದ ಬೆಟ್ಟವೇ ಜಲ್ಲಿಯಾಗಿ ಲಾರಿ ಹತ್ತಿ ಹೋದರೆ?

ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಹೋದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಚಪ್ಪಡಿ, ಸೈಜುಗಲ್ಲು, ಜಲ್ಲಿ ಎಂದು ಬಂಡೆಗಳು ಕರಗುತ್ತಿವೆ. ನನ್ನ ಶಿಷ್ಯರಲ್ಲಿ ಕಲ್ಲು ಒಡೆದ ಕೂಲಿಯಿಂದಲೇ ತಂಗಿಯರ ಮದುವೆ ಮಾಡಿದವರಿದ್ದಾರೆ, ಟಿಪ್ಪರ್ ಓಡಿಸಿ ಮಕ್ಕಳನ್ನು ಇಂಜಿನಿಯರ್ ಮಾಡಿದವರಿದ್ದಾರೆ. ನಾನು ಕುಳಿತು ಬರೆಯುತ್ತಿರುವ ಈ ಮನೆಯ ತಳಪಾಯದಲ್ಲಿಯೂ ಅದೇ ಕಲ್ಲಿದೆ. ಆದ್ದರಿಂದ ಅವರನ್ನು ದೂರುವ ಯೋಗ್ಯತೆ ನನಗಿಲ್ಲ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಸುತ್ತೇನೆ: ಕಡಿದ ಮರ ಚಿಗುರೀತು, ಒಡೆದ ಬೆಟ್ಟ ಚಿಗುರದು.

ಕ್ವಾರಿಯ ಹಾನಿ ಕಣ್ಣಿಗೆ ಕಾಣುತ್ತದೆ. ಗಿಡ ನೆಟ್ಟು ಮಾಡುವ ಹಾನಿ ಕಾಣುವುದಿಲ್ಲ, ಏಕೆಂದರೆ ಅದು ಹಸಿರಾಗಿರುತ್ತದೆ. ಬೆಂಗಳೂರಿನ ಪಕ್ಷಿತಜ್ಞರಾದ ಎಸ್. ಸುಬ್ರಹ್ಮಣ್ಯ, ಜೆ.ಎನ್. ಪ್ರಸಾದ್ ಮತ್ತು ಎಸ್. ಕಾರ್ತಿಕೇಯನ್ ಅವರು ದಕ್ಷಿಣ ಭಾರತದಲ್ಲಿ ಈ ಹಕ್ಕಿಯ ನೆಲೆ ಮತ್ತು ಸ್ಥಿತಿಗತಿ ಕುರಿತು 2006ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದ್ದಾರೆ. ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಇದು ಅಳಿವಿನ ಅಪಾಯಕ್ಕೆ ಒಳಗಾದ ಹಕ್ಕಿ. ಕಾರಣಗಳು ಸರಳ. ಕಾರೆ, ಕವಳೆ, ಕಲ್ಲತ್ತಿಯಲ್ಲಿ ಅದಕ್ಕೆ ಹಣ್ಣುಂಟು, ಹುಳುವುಂಟು, ಅಡಗಲು ಮರೆಯುಂಟು. ನೀಲಗಿರಿಯಲ್ಲಿ ಅದು ತಿನ್ನುವಂತಹ ಹಣ್ಣಿಲ್ಲ. ಹಕ್ಕಿ ಹಣ್ಣು ತಿಂದು ಬೀಜವನ್ನು ಬೇರೆ ಬಂಡೆಯ ಸಂದಿಯಲ್ಲಿ ಉದುರಿಸುತ್ತದೆ. ಅಲ್ಲಿ ಮತ್ತೊಂದು ಪೊದೆ ಹುಟ್ಟುತ್ತದೆ. ನಾವು ಬೋಳುಬೆಟ್ಟ ಎನ್ನುವ ಜಾಗದಲ್ಲಿ ಹಕ್ಕಿಗಳೇ ತೋಟ ಬೆಳೆಸುತ್ತಿರುತ್ತವೆ.

ನೀಲಗಿರಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ಕತೆಯೇ ಇದೆ. ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ, ನಂದಿಬೆಟ್ಟದಲ್ಲಿ ಈ ಮರವನ್ನು ನೆಡಿಸಿದರೆಂದು ಹೇಳುತ್ತಾರೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಗುವವರೆಗೆ ನಂದಿಯೂ ನಮ್ಮದೇ. ಅಲ್ಲಿಂದ ಹರಡಿದ ತಳಿ ರಾಗಿ ಹೊಲಗಳನ್ನೂ ನುಂಗತೊಡಗಿದಾಗ, ಕೋಲಾರ ಜಿಲ್ಲೆಯ ಸಾಮಾಜಿಕ ಅರಣ್ಯದ ಪರಿಣಾಮಗಳನ್ನು ಕುರಿತು ವಂದನಾ ಶಿವ ಮತ್ತು ಸಂಗಡಿಗರು 1981ರಲ್ಲಿಯೇ ಎಚ್ಚರಿಕೆಯ ವರದಿ ಬರೆದಿದ್ದರು. ಅದಾದ ಆರು ವರ್ಷಕ್ಕೆ ನಾನು ಮಕ್ಕಳ ಕೈಯಲ್ಲಿ ನೀಲಗಿರಿ ಸಸಿ ಕೊಟ್ಟೆ. ಸರ್ಕಾರ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದು 2017ರಲ್ಲಿ.

"ಹಾಗಾದರೆ ನೀಲಗಿರಿ ಬೇಡ ಸಾರ್, ಒಳ್ಳೆಯ ಗಿಡಗಳನ್ನೇ ನೆಡುತ್ತೇವೆ" ಎನ್ನುವಿರಾ? ಅದಕ್ಕೆ ಹಿಂದೂ ಮಹಾಸಾಗರದ ಒಂದು ನಿಜವಾದ ದ್ವೀಪದ ಕತೆ ಹೇಳುತ್ತೇನೆ.

ಸೇಷಲ್ಸ್ ದೇಶದಲ್ಲಿ ಕಸಿನ್ ಎಂಬ ಪುಟ್ಟ ದ್ವೀಪವಿದೆ. ಸುಮಾರು 70 ಎಕರೆ. ನಮ್ಮ ಒಂದು ಸಾಧಾರಣ ಕೆರೆಯಂಗಳದಷ್ಟು. ಅಲ್ಲಿ ಎಲೆಯಡಿಯ ಹುಳುಗಳನ್ನು ಹೆಕ್ಕಿ ತಿನ್ನುವ, ಬಣ್ಣದಲ್ಲಿ ಸಾಧಾರಣವಾದ, ಇಂಪಾಗಿ ಹಾಡುವ ಒಂದು ಉಲಿಯಕ್ಕಿ. 1968ರ ವೇಳೆಗೆ ಪ್ರಪಂಚದಲ್ಲಿ ಅದರ ಸಂಖ್ಯೆ ಮೂವತ್ತಕ್ಕಿಂತ ಕಡಿಮೆಯಾಗಿತ್ತು. ದ್ವೀಪವನ್ನು ಬೋಳು ಮಾಡಿರಲಿಲ್ಲ. ಅದರ ತುಂಬ ತೆಂಗು ನೆಟ್ಟಿದ್ದರು. ತೆಂಗು ನಮಗೆ ಕಲ್ಪವೃಕ್ಷ, ಆ ಹಕ್ಕಿಗೆ ಮಾತ್ರ ಅಲ್ಲ. ಆ ವರ್ಷ ಪಕ್ಷಿಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆಯೊಂದು ದ್ವೀಪವನ್ನು ಕೊಂಡು, ತೆಂಗನ್ನು ತೆಗೆಸಿ, ಅಲ್ಲಿನ ಸ್ವಂತ ಕಾಡು ತಾನಾಗಿ ಮರಳಲು ಬಿಟ್ಟಿತು. ಹಕ್ಕಿಗಳು ಮುನ್ನೂರು ದಾಟಿ ದ್ವೀಪ ತುಂಬಿಹೋಯಿತು. 1988ರಲ್ಲಿ 29 ಹಕ್ಕಿಗಳನ್ನು ಆರಿಡ್ ಎಂಬ ಇನ್ನೊಂದು ದ್ವೀಪಕ್ಕೆ ಒಯ್ದು ಬಿಟ್ಟರು, ಮುಂದೆ ಮತ್ತೆ ಮೂರು ದ್ವೀಪಗಳಿಗೆ. ಇಂದು ಅವುಗಳ ಸಂಖ್ಯೆ ಮೂರು ಸಾವಿರವನ್ನು ಮೀರಿದೆ. ಅವರು ಮಾಡಿದ ದೊಡ್ಡ ಕೆಲಸವೆಂದರೆ, ತಪ್ಪು ಮರವನ್ನು ತೆಗೆದು ಕೈಕಟ್ಟಿ ಕಾದದ್ದು.

ಕೈಕಟ್ಟಿ ಕಾಯುವುದಕ್ಕೆ ಸಮಾರಂಭ ಮಾಡಲಾಗುವುದಿಲ್ಲ, ಫೋಟೋ ಬರುವುದಿಲ್ಲ. ಆದರೆ ನಮ್ಮ ಬೆಟ್ಟಕ್ಕೆ ಬೇಕಾಗಿರುವುದು ಅದೇ. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿ ಬೀಳದಂತೆ ನೋಡಿಕೊಂಡರೆ, ಪೊದೆಗಳನ್ನು ಸೌದೆಗೆ ಸವರದಿದ್ದರೆ, ಬಂಡೆಯನ್ನು ಹರಾಜಿಗಿಡದಿದ್ದರೆ, ಅದು ತಾನೇ ಬದುಕುತ್ತದೆ.

ಇಷ್ಟನ್ನೂ ಫೋನಿನಲ್ಲಿ ಹೇಳಲಾಗುವುದಿಲ್ಲವೆಂದು ಎರಡು ವಾರಗಳ ಹಿಂದೆ ನಾನೇ ಬಸ್ಸು ಹತ್ತಿ ಮುಳಬಾಗಿಲಿಗೆ ಹೋದೆ. ಶಿಷ್ಯ ಮುಖ ಗಂಟಿಕ್ಕಿಕೊಂಡೇ ಬಂದ. ಆದರೂ ನನ್ನ ಚೀಲವನ್ನು ತಾನೇ ಹೊತ್ತುಕೊಂಡ. ಬೆಳಗಿನ ಆರು ಗಂಟೆಗೆ ಶಾಲೆಯ ಹಿಂದಿನ ಬೆಟ್ಟ ಹತ್ತಿದೆವು. ಮಂಡಿನೋವಿನ ನನಗಾಗಿ ಅವನು ಮೂರು ಕಡೆ ನಿಂತ. ಕೆಳಗಿನ ಅರ್ಧದಲ್ಲಿ ನಾವು ನೆಟ್ಟ ನೀಲಗಿರಿ, ಹಲವು ಸಲ ಕಡಿದರೂ ಬುಡದಿಂದ ಚಿಗುರಿ ನಿಂತಿದೆ. ಒಣ ಎಲೆ ಬಿಟ್ಟರೆ ನೆಲದಲ್ಲಿ ಏನೂ ಇಲ್ಲ, ಹಕ್ಕಿಯ ಸದ್ದೂ ಇಲ್ಲ. ಅದನ್ನು ದಾಟಿ ಮೇಲಿನ ಬಂಡೆಗಳ ಬಳಿ ಬಂದಾಗ ಎಲ್ಲ ಕಡೆಯಿಂದ ಉಲಿ ಕೇಳಿಸಿತು. ನಾನು ಏನನ್ನೂ ವಿವರಿಸಲಿಲ್ಲ. ಅವನೇ ಹಿಂತಿರುಗಿ ಕೆಳಗಿನ ನೀಲಗಿರಿಯನ್ನೂ ಎದುರಿನ ಪೊದೆಗಳನ್ನೂ ಒಂದು ಸಲ ನೋಡಿದ.

ಒಂದು ಕಲ್ಲತ್ತಿಯ ಹಿಂದಿನಿಂದ ಪಿಕಳಾರದ ಸ್ವರ ಬಂದಿತು. "ಅದೇನಾ ಸಾರ್?" ಎಂದ ಪಿಸುಮಾತಿನಲ್ಲಿ. ಪಿಕಳಾರಗಳ ಸ್ವರ ಒಂದನ್ನೊಂದು ಹೋಲುತ್ತವೆ. ಕಣ್ಣಿಗೆ ಕಾಣದೆ ಹೇಳುವಷ್ಟು ನನ್ನ ಕಿವಿ ಪಳಗಿಲ್ಲ. "ಗೊತ್ತಿಲ್ಲಪ್ಪ. ಕಾದು ನೋಡಬೇಕು" ಎಂದೆ. ಮುಕ್ಕಾಲು ಗಂಟೆ ಕಾದೆವು. ಹಕ್ಕಿ ಹೊರಗೆ ಬರಲಿಲ್ಲ. ಇಳಿಯುವಾಗ ಅವನು, "ಸಸಿಗಳಿಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೀವಿ ಸಾರ್. ಕೆರೆ ಏರಿ ಮೇಲೆ, ಸ್ಕೂಲ್ ಕಾಂಪೌಂಡ್‌ನಲ್ಲಿ ಹಾಕಿಸೋಣವಾ? ಹೊಂಗೆ, ಬೇವು, ಅತ್ತಿ" ಎಂದು ಕೇಳಿದ. ಸಾವಿರಕ್ಕೂ ಅಲ್ಲಿ ಜಾಗವಿಲ್ಲ, ಬ್ಯಾಚಿನವರೆಲ್ಲ ಒಪ್ಪಿಲ್ಲ, ಬೆಟ್ಟದ ಮೇಲೆ ನೆಟ್ಟೇ ತೀರಬೇಕೆನ್ನುವವರು ಇನ್ನೂ ಇದ್ದಾರೆ. ಅವರೂ ನನ್ನ ಮಕ್ಕಳೇ. ಇದನ್ನು ಅವರು ಓದಲಿ ಎಂದೇ ಬರೆದಿದ್ದೇನೆ. ಮೊದಲ ಗಿಡ ನೆಡಲು ಖಂಡಿತ ಬರುತ್ತೇನೆ, ಕೆರೆ ಏರಿಗೆ.

ಕೊನೆಯದಾಗಿ ಒಂದು ಕೋರಿಕೆ. ಅಂದು ಮಚ್ಚು ಕೆಳಗಿಟ್ಟು ನಿಂತ ಹುಡುಗನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. 1987-88ರ ಹತ್ತನೆಯ ತರಗತಿ 'ಬಿ' ವಿಭಾಗದವರಿಗೆ ಯಾರೆಂದು ತಿಳಿದೇ ತಿಳಿಯುತ್ತದೆ. ಎಸ್.ಎಸ್.ಎಲ್.ಸಿ. ಆದ ಮೇಲೆ ಬೆಂಗಳೂರಿಗೆ ಕೆಲಸಕ್ಕೆ ಹೋದನೆಂದು ಕೇಳಿದ್ದೆ, ಮುಂದೆ ಸುದ್ದಿಯಿಲ್ಲ. ನಿಮ್ಮಲ್ಲಿ ಯಾರಿಗಾದರೂ ಅವನು ಸಿಕ್ಕರೆ, ಅವನು ಹೇಳಿದ್ದೇ ಸರಿ, ಅದು ಬೇರೆಯ ಹಕ್ಕಿ ಎಂದು ಮೇಷ್ಟ್ರು ಒಪ್ಪಿಕೊಂಡರೆಂದು ದಯವಿಟ್ಟು ತಿಳಿಸಿ. ಸಾಧ್ಯವಾದರೆ ಅವನು ಒಮ್ಮೆ ಬಂದು ಆ ಬೆಟ್ಟ ಹತ್ತಲಿ. ಸ್ವರ ಕೇಳಿಯೇ ಯಾವ ಹಕ್ಕಿಯೆಂದು ಹೇಳಬಲ್ಲವನು ನಮ್ಮಲ್ಲಿ ಅವನೊಬ್ಬನೇ.